ಹೆಮಿಂಗ್ವೇಯ ‘ದಿ ಕಿಲ್ಲರ್ಸ್’: ಒಂದು ಸಣ್ಣಕಥೆ, ಮೂರು ಚಲಚ್ಚಿತ್ರಗಳು

೧

ಸಾಹಿತ್ಯಕೃತಿಯೊಂದು ಚಲಚ್ಚಿತ್ರವಾದಾಗ ಸಾಮಾನ್ಯವಾಗಿ ಏಳುವ ಪ್ರಶ್ನೆ ಒಂದೇ: ಚಿತ್ರವು ಮೂಲಕ್ಕೆ ನಿಷ್ಠವಾಗಿದೆಯೆ, ಇಲ್ಲವೆ? ಪಾತ್ರಗಳು ಅವೇ ಇವೆಯೆ, ಸಂಭಾಷಣೆ ಉಳಿದಿದೆಯೆ, ಮುಕ್ತಾಯ ಬದಲಾಗಿದೆಯೆ ಎಂದು ಪಟ್ಟಿ ಹಾಕಿ, ಉಳಿದುದನ್ನು ಲಾಭದ ಕಡೆಗೂ ಕಳೆದುದನ್ನು ನಷ್ಟದ ಕಡೆಗೂ ಬರೆದು ಲೆಕ್ಕ ಮುಗಿಸುತ್ತೇವೆ. ಈ ಲೆಕ್ಕ ಸುಲಭವಾದದ್ದು. ಆದರೆ ಇದರಿಂದ ಕೃತಿಯ ವಿಷಯದಲ್ಲಾಗಲಿ ಚಿತ್ರದ ವಿಷಯದಲ್ಲಾಗಲಿ ದೊರೆಯುವ ತಿಳಿವಳಿಕೆ ಅತ್ಯಲ್ಪ. ಮೂಲದ ಒಂದು ಮಾತನ್ನೂ ಬಿಡದ ಚಿತ್ರ ನಿರ್ಜೀವವಾಗಿರಬಹುದು. ಮೂಲದ ಹೆಸರನ್ನು ಮಾತ್ರ ಉಳಿಸಿಕೊಂಡ ಚಿತ್ರ ಅದರ ತಿರುಳನ್ನು ಮುಟ್ಟಿರಬಹುದು. ಹೀಗಿರುವಲ್ಲಿ ಬೇರೊಂದು ಅಳತೆಗೋಲು ಅವಶ್ಯವೆಂದು ತೋರುತ್ತದೆ.

ಅಂಥ ಅಳತೆಗೋಲೊಂದನ್ನು ಪರೀಕ್ಷಿಸಿ ನೋಡುವುದು ಈ ಲೇಖನದ ಉದ್ದೇಶ. ಅದಕ್ಕಾಗಿ ಆರಿಸಿಕೊಂಡಿರುವ ಕೃತಿ ಅಮೆರಿಕದ ಲೇಖಕ ಅರ್ನೆಸ್ಟ್ ಹೆಮಿಂಗ್ವೇಯ ‘ದಿ ಕಿಲ್ಲರ್ಸ್’, ಎಂದರೆ ‘ಕೊಲೆಗಾರರು’. ಈ ಕಥೆ ೧೯೨೭ರ ಮಾರ್ಚಿಯಲ್ಲಿ ‘ಸ್ಕ್ರಿಬ್ನರ್ಸ್’ ಮಾಸಪತ್ರಿಕೆಯಲ್ಲಿ ಪ್ರಕಟವಾಗಿ, ಅದೇ ವರ್ಷ ‘ಮೆನ್ ವಿದೌಟ್ ವಿಮೆನ್’ ಎಂಬ ಸಂಕಲನದಲ್ಲಿ ಸೇರಿತು. ಇದರಿಂದ ಹುಟ್ಟಿದ ಚಿತ್ರಗಳಲ್ಲಿ ಮುಖ್ಯವಾದವು ಮೂರು. ಮೊದಲನೆಯದು ೧೯೪೬ರಲ್ಲಿ ಹಾಲಿವುಡ್ಡಿನಲ್ಲಿ ರಾಬರ್ಟ್ ಸಿಯೋಡ್ಮಾಕ್ ನಿರ್ದೇಶಿಸಿದ್ದು. ಎರಡನೆಯದು ೧೯೫೬ರಲ್ಲಿ ಮಾಸ್ಕೋ ನಗರದ ಚಲಚ್ಚಿತ್ರ ವಿದ್ಯಾಲಯದ ವಿದ್ಯಾರ್ಥಿಗಳು ತಯಾರಿಸಿದ್ದು. ಮೂರನೆಯದು ೧೯೬೪ರಲ್ಲಿ ಮತ್ತೆ ಅಮೆರಿಕದಲ್ಲಿ ಡಾನ್ ಸೀಗೆಲ್ ನಿರ್ದೇಶಿಸಿದ್ದು. ಒಂದೇ ಬೀಜದಿಂದ ಎದ್ದ ಈ ಮೂರು ಗಿಡಗಳಲ್ಲಿ ಒಂದರಂತೆ ಇನ್ನೊಂದಿಲ್ಲ.

ಈ ವಿಚಾರದಲ್ಲಿ ಅಧ್ಯಾಪಕರಿಗೆ ಒಂದು ಪ್ರಾಯೋಗಿಕವಾದ ಕಾಳಜಿಯೂ ಉಂಟು. ಪಾಠಕ್ಕೆ ಮೊದಲು ಚಿತ್ರವನ್ನು ನೋಡಿದ ವಿದ್ಯಾರ್ಥಿಯು ಚಿತ್ರ ಕೊಟ್ಟ ಉತ್ತರವನ್ನು ಕಥೆಯ ಉತ್ತರವೆಂದು ತಿಳಿಯುವ ಸಂಭವ ಹೆಚ್ಚು. ‘ಕೊಲೆಗಾರರು’ ಕಥೆಯ ವಿಷಯದಲ್ಲಂತೂ ಇದು ದೊಡ್ಡ ಅನರ್ಥ. ಏಕೆಂದರೆ ಉತ್ತರ ಕೊಡದಿರುವುದೇ ಈ ಕಥೆಯ ಪ್ರಾಣ.

೨

ಕಥಾವಸ್ತುವನ್ನು ಮೊದಲು ಸಂಗ್ರಹವಾಗಿ ನೋಡೋಣ. ಸಮಿಟ್ ಎಂಬ ಸಣ್ಣ ಊರು. ಅಲ್ಲಿ ಹೆನ್ರಿಯ ಹೆಸರಿನ ಒಂದು ಉಪಾಹಾರಗೃಹ. ಸಂಜೆಗತ್ತಲಲ್ಲಿ ಆಲ್, ಮ್ಯಾಕ್ಸ್ ಎಂಬಿಬ್ಬರು ಅಪರಿಚಿತರು ಒಳಗೆ ಬರುತ್ತಾರೆ. ಇಬ್ಬರಿಗೂ ಒಂದೇ ಬಗೆಯ ಬಿಗಿಯಾದ ಮೇಲಂಗಿ, ಒಂದೇ ಬಗೆಯ ಟೋಪಿ. ಕೈಗವಸನ್ನು ತೆಗೆಯದೆಯೇ ಊಟ ಮಾಡುತ್ತಾರೆ. ಅನಂತರ ಅಡಿಗೆಯವ ಸ್ಯಾಮನನ್ನೂ ನಿಕ್ ಆಡಮ್ಸ್ ಎಂಬ ತರುಣನನ್ನೂ ಅಡಿಗೆಮನೆಯಲ್ಲಿ ಕಟ್ಟಿಹಾಕುತ್ತಾರೆ. ಕೌಂಟರಿನ ಹಿಂದಿರುವ ಜಾರ್ಜನಿಗೆ ತಾವು ಬಂದ ಕೆಲಸವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ: ಪ್ರತಿದಿನ ಆರು ಗಂಟೆಗೆ ಅಲ್ಲಿಗೆ ಊಟಕ್ಕೆ ಬರುವ ಓಲೆ ಆಂಡ್ರೆಸನ್ ಎಂಬ ಸ್ವೀಡನ್ ಮೂಲದ ಮುಷ್ಟಿಮಲ್ಲನನ್ನು ಕೊಲ್ಲಬೇಕಾಗಿದೆ. ಅವನನ್ನು ಅವರು ಒಮ್ಮೆಯೂ ಕಂಡವರಲ್ಲ; ಗೆಳೆಯನೊಬ್ಬನಿಗಾಗಿ ಈ ಉಪಕಾರ. ಓಲೆ ಅಂದು ಬರುವುದಿಲ್ಲ. ಕಾದು ಬೇಸತ್ತು ಅವರು ಹೊರಟುಹೋಗುತ್ತಾರೆ. ನಿಕ್ ಓಡಿಹೋಗಿ ಓಲೆಗೆ ಸುದ್ದಿ ಮುಟ್ಟಿಸುತ್ತಾನೆ. ಓಲೆ ಉಡುಪನ್ನು ಕಳಚದೆ ಹಾಸಿಗೆಯ ಮೇಲೆ ಮಲಗಿದ್ದಾನೆ. ಗೋಡೆಯ ಕಡೆಗೆ ಮುಖ ತಿರುಗಿಸಿದ್ದಾನೆ. ಮಾಡುವುದಕ್ಕೇನೂ ಇಲ್ಲ, ಓಡಾಟ ಸಾಕಾಗಿದೆ ಎನ್ನುತ್ತಾನೆ. ನಿಕ್ ಹಿಂದಿರುಗಿ ಬಂದು, ಈ ಊರನ್ನೇ ಬಿಟ್ಟುಹೋಗುತ್ತೇನೆಂದು ಹೇಳುತ್ತಾನೆ. ಅದನ್ನು ಕುರಿತು ಯೋಚಿಸದಿರುವುದೇ ಒಳ್ಳೆಯದೆಂದು ಜಾರ್ಜನ ಸಲಹೆ. ಅಲ್ಲಿಗೆ ಕಥೆ ಮುಗಿಯುತ್ತದೆ.

ಕಥೆಯ ಹೆಸರು ‘ಕೊಲೆಗಾರರು’. ಕಥೆಯೊಳಗೆ ಕೊಲೆ ನಡೆಯುವುದೇ ಇಲ್ಲ. ಕೊನೆಯ ಸಾಲಿನವರೆಗೂ ಓಲೆ ಬದುಕಿಯೇ ಇದ್ದಾನೆ. ಬಂದೂಕಿನ ಸದ್ದಿಲ್ಲ, ಪೋಲೀಸರಿಲ್ಲ, ತನಿಖೆಯಿಲ್ಲ. ಅಪರಾಧದ ಕಥೆಯೆಂದರೆ ನಾವು ಏನೇನನ್ನು ನಿರೀಕ್ಷಿಸುತ್ತೇವೆಯೋ ಅದೆಲ್ಲವೂ ಕಥೆಯ ಹೊರಗೆ ಉಳಿದಿದೆ. ಇದು ಆಕಸ್ಮಿಕವಲ್ಲ. ೧೯೩೨ರಲ್ಲಿ ಪ್ರಕಟವಾದ ‘ಡೆತ್ ಇನ್ ದಿ ಆಫ್ಟರ್‌ನೂನ್’ ಗ್ರಂಥದಲ್ಲಿ ಹೆಮಿಂಗ್ವೇ ಗದ್ಯವನ್ನು ನೀರ್ಗಲ್ಲ ಗುಡ್ಡಕ್ಕೆ ಹೋಲಿಸಿದ್ದಾನೆ. ಅದರ ಎಂಟರಲ್ಲಿ ಒಂದು ಪಾಲು ಮಾತ್ರ ನೀರಿನ ಮೇಲೆ ಕಾಣುತ್ತದೆ. ಸಣ್ಣಕಥೆಯ ಕಲೆಯನ್ನು ಕುರಿತು ೧೯೫೯ರಲ್ಲಿ ಅವನು ಬರೆದ, ಅವನ ಮರಣಾನಂತರ ೧೯೮೧ರಲ್ಲಿ ಅಚ್ಚಾದ ಪ್ರಬಂಧವೊಂದರಲ್ಲಿ ಈ ಕಥೆಯನ್ನೇ ಉದಾಹರಿಸಿದ್ದಾನೆ. ತಾನು ಬರೆದ ಕಥೆಗಳಲ್ಲೆಲ್ಲ ಅತ್ಯಂತ ಹೆಚ್ಚು ಅಂಶವನ್ನು ಬಿಟ್ಟಿರುವುದು ಬಹುಶಃ ಇದರಲ್ಲಿಯೇ ಎಂದೂ, ೨೯೫೧ ಮಾತುಗಳಲ್ಲಿ ಇಡೀ ಷಿಕಾಗೋ ನಗರವನ್ನು ಹೊರಗಿಟ್ಟೆನೆಂದೂ ಅವನ ಹೇಳಿಕೆಯ ಸಾರಾಂಶ.

ಹೊರಗಿಟ್ಟುದರಿಂದ ಹುಟ್ಟುವ ಪ್ರಶ್ನೆಗಳು ಎರಡು. ಓಲೆಯನ್ನು ಕೊಲ್ಲಬೇಕೆಂದು ಯಾರು, ಏತಕ್ಕಾಗಿ ಹೇಳಿದರು ಎಂಬುದು ಮೊದಲನೆಯದು. ಸಾವು ಬರುತ್ತಿದೆಯೆಂದು ತಿಳಿದೂ ಅವನು ಏಕೆ ಓಡಲಿಲ್ಲ ಎಂಬುದು ಎರಡನೆಯದು. ಮೊದಲನೆಯದು ಅಪರಾಧಕ್ಕೆ ಸಂಬಂಧಿಸಿದ್ದು. ಅದಕ್ಕೆ ಸಾಕ್ಷಿಯಿಂದ ಉತ್ತರ ದೊರೆಯಬಲ್ಲುದು. ಎರಡನೆಯದು ಮನುಷ್ಯನಿಗೆ ಸಂಬಂಧಿಸಿದ್ದು. ಸಾಕ್ಷ್ಯವೆಲ್ಲ ಒದಗಿದ ಮೇಲೂ ಅದು ಪ್ರಶ್ನೆಯಾಗಿಯೇ ಉಳಿಯಬಹುದು. ಷಿಕಾಗೋದಲ್ಲಿ ಯಾರಿಗೋ ಮೋಸಮಾಡಿರಬೇಕು ಎಂದು ಜಾರ್ಜ್ ಊಹಿಸುವುದು ಮೊದಲನೆಯ ಪ್ರಶ್ನೆಯ ಉತ್ತರ. ಆ ಊಹೆಯಿಂದ ನಿಕ್ಕನ ಮನಸ್ಸಿಗೆ ಸಮಾಧಾನವಾಗುವುದಿಲ್ಲ. ಸ್ಯಾಮ್ ಈ ಗೊಡವೆಯೇ ಬೇಡವೆಂದು ಕಿವಿ ಮುಚ್ಚಿಕೊಳ್ಳುತ್ತಾನೆ, ಜಾರ್ಜ್ ಯೋಚನೆಯನ್ನು ಬದಿಗೊತ್ತುತ್ತಾನೆ, ನಿಕ್ ಎರಡನ್ನೂ ಮಾಡಲಾರನು. ಕ್ಲಿಯಾಂತ್ ಬ್ರೂಕ್ಸ್ ಮತ್ತು ರಾಬರ್ಟ್ ಪೆನ್ ವಾರೆನ್ ಎಂಬ ವಿಮರ್ಶಕರು ೧೯೪೩ರ ತಮ್ಮ ‘ಅಂಡರ್‌ಸ್ಟ್ಯಾಂಡಿಂಗ್ ಫಿಕ್ಷನ್’ ಎಂಬ ಪಠ್ಯದಲ್ಲಿ, ಇದು ಕೊಲೆಗಾರರ ಕಥೆಯೂ ಅಲ್ಲ, ಓಲೆಯ ಕಥೆಯೂ ಅಲ್ಲ, ಕೇಡನ್ನು ಮೊದಲ ಬಾರಿಗೆ ಕಂಡ ನಿಕ್ಕನ ಕಥೆ ಎಂದು ಪ್ರತಿಪಾದಿಸಿದುದು ಈ ಕಾರಣದಿಂದಲೇ.

ಇನ್ನೊಂದು ಅಂಶ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಚಲಚ್ಚಿತ್ರವು ಈ ಕಥೆಗೆ ಹೊರಗಿನಿಂದ ಬಂದುದಲ್ಲ. ಕಥೆಯೊಳಗೇ ಅದರ ಪ್ರಸ್ತಾಪವಿದೆ. ಜಾರ್ಜನನ್ನು ಹಂಗಿಸುತ್ತ ಮ್ಯಾಕ್ಸ್, ನೀನು ಇನ್ನಷ್ಟು ಸಿನಿಮಾ ನೋಡಬೇಕು ಎಂಬರ್ಥದ ಮಾತನ್ನಾಡುತ್ತಾನೆ. ಕೊಲೆಗಾರರ ಉಡುಪು, ಮಾತಿನ ವರಸೆ, ಬಾಯಿಗೆ ಬಟ್ಟೆ ತುರುಕುವ ಕ್ರಮ, ಇವೆಲ್ಲವೂ ಅಗ್ಗದ ರೋಮಾಂಚಕ ಕಥೆಗಳಲ್ಲಿ ಓದಿದಂತೆ, ತೆರೆಯ ಮೇಲೆ ಕಂಡಂತೆ ಇವೆ. ನಿಕ್ ತತ್ತರಿಸುವುದು ಇದರಿಂದಲೇ: ತೆರೆಯ ಮೇಲೆ ಇರಬೇಕಾದುದು ತನ್ನ ಬಾಯಿಯೊಳಗಿನ ಬಟ್ಟೆಯಾಗಿ ಬಂದಿದೆ. ಹೆನ್ರಿಯ ಉಪಾಹಾರಗೃಹವನ್ನು ನೋಡಿಕೊಳ್ಳುವವನು ಜಾರ್ಜ್. ಶ್ರೀಮತಿ ಹರ್ಷಳ ವಸತಿಗೃಹದಲ್ಲಿರುವವಳು ಶ್ರೀಮತಿ ಬೆಲ್. ಗೋಡೆಯ ಗಡಿಯಾರ ಇಪ್ಪತ್ತು ನಿಮಿಷ ಮುಂದಿದೆ. ಪಟ್ಟಿಯಲ್ಲಿ ಬರೆದ ಊಟ ಸಿದ್ಧವಾಗಿಲ್ಲ. ಯಾವುದೂ ತನ್ನ ಹೆಸರಿಗೆ ತಕ್ಕಂತಿಲ್ಲದ ಈ ಲೋಕದಲ್ಲಿ ಕೊಲೆಗಾರರು ಮಾತ್ರ ತಾವು ಹೇಳಿಕೊಂಡಂತೆಯೇ ಇದ್ದಾರೆ.

ಹೀಗೆ, ಪ್ರಶ್ನೆಯನ್ನು ಎದುರಿಸುವವನು ಯಾರು ಎಂಬುದರ ಮೇಲೆ ಈ ಕಥೆ ನಿಂತಿದೆ. ಚಿತ್ರಗಳನ್ನೂ ಇದೇ ಅಳತೆಗೋಲಿನಿಂದ ನೋಡಬಹುದು: ‘ಏಕೆ ಓಡಲಿಲ್ಲ?’ ಎಂದು ಪ್ರತಿಯೊಂದು ಚಿತ್ರದಲ್ಲಿ ಕೇಳುವವರು ಯಾರು? ಕೇಳಿದವರಿಗೆ ಏನು ದೊರೆಯುತ್ತದೆ?

೩

೧೯೪೬ರ ಚಿತ್ರವನ್ನು ಯೂನಿವರ್ಸಲ್ ಸಂಸ್ಥೆಗಾಗಿ ನಿರ್ಮಿಸಿದವನು ಮಾರ್ಕ್ ಹೆಲಿಂಜರ್. ನಿರ್ದೇಶಕ ಸಿಯೋಡ್ಮಾಕ್ ಜರ್ಮನಿಯಲ್ಲಿ ಹುಟ್ಟಿ, ನಾಜಿಗಳು ಅಧಿಕಾರಕ್ಕೆ ಬಂದಾಗ ದೇಶ ಬಿಟ್ಟು ಪ್ಯಾರಿಸ್ಸಿಗೂ ಅಲ್ಲಿಂದ ಅಮೆರಿಕಕ್ಕೂ ಬಂದವನು. ಚಿತ್ರಕಥೆ ಆಂಥನಿ ವೀಲರನ ಹೆಸರಿನಲ್ಲಿದೆ. ಹೆಸರು ಕಾಣಿಸದಿದ್ದರೂ ಜಾನ್ ಹ್ಯೂಸ್ಟನ್ ಅದರಲ್ಲಿ ಕೈಗೂಡಿಸಿದ್ದನು. ಓಲೆಯ ಪಾತ್ರ ಬರ್ಟ್ ಲಂಕಾಸ್ಟರನಿಗೆ ಮೊದಲ ಚಿತ್ರ.

ಚಿತ್ರದ ಮೊದಲ ಹತ್ತು ಹನ್ನೆರಡು ನಿಮಿಷಗಳು ಕಥೆಯನ್ನು ಬಹುಮಟ್ಟಿಗೆ ಯಥಾವತ್ತಾಗಿ ಅನುಸರಿಸುತ್ತವೆ. ರಾತ್ರಿಯ ರಸ್ತೆ, ದೀಪದ ಬೆಳಕಿನ ಉಪಾಹಾರಗೃಹ, ಕೌಂಟರಿನ ಮುಂದೆ ಕುಳಿತ ಇಬ್ಬರು, ಸಣ್ಣ ಸಣ್ಣ ಮಾತಿನಲ್ಲಿ ಬೆಳೆಯುವ ಭಯ, ಎಲ್ಲವೂ ಹೆಮಿಂಗ್ವೇಯದೇ. ನಿಕ್ ಬೇಲಿಗಳನ್ನು ಹಾರಿ ಓಡುತ್ತಾನೆ. ಓಲೆ ಕತ್ತಲೆಯಲ್ಲಿ ಮಲಗಿದ್ದಾನೆ. ಅವನ ಮುಖ ನೆರಳಿನಲ್ಲಿದೆ. ಇಲ್ಲಿಂದ ಮುಂದೆ ಚಿತ್ರವು ಕಥೆಯ ಗಡಿಯನ್ನು ದಾಟುತ್ತದೆ. ಕೊಲೆಗಾರರು ಮೆಟ್ಟಿಲೇರಿ ಬಂದು ಗುಂಡು ಹಾರಿಸುತ್ತಾರೆ. ಮಂಚದ ಸರಳನ್ನು ಹಿಡಿದ ಕೈ ಮೆಲ್ಲನೆ ಜಾರುತ್ತದೆ. ಹೆಮಿಂಗ್ವೇ ತೋರಿಸದೆ ಉಳಿಸಿದುದು ಇಲ್ಲಿ ಆರಂಭದಲ್ಲಿಯೇ ಮುಗಿದುಹೋಯಿತು. ಚಿತ್ರದ ಒಟ್ಟು ಅವಧಿ ಸುಮಾರು ೧೦೩ ನಿಮಿಷ. ಎಂದರೆ ತೊಂಬತ್ತು ನಿಮಿಷಗಳಷ್ಟು ಕಥೆಯನ್ನು ಹೊಸದಾಗಿ ಕಟ್ಟಬೇಕಾಯಿತು.

ಆ ಭಾಗವನ್ನು ನಡೆಸುವವನು ರಿಯರ್ಡನ್ ಎಂಬ ವಿಮಾ ಕಂಪೆನಿಯ ತನಿಖೆಗಾರ. ಸತ್ತವನು ೨೫೦೦ ಡಾಲರಿನ ವಿಮೆ ಮಾಡಿಸಿದ್ದನು. ಹಣ ಸಲ್ಲಬೇಕಾದುದು ಅಟ್ಲಾಂಟಿಕ್ ಸಿಟಿಯ ಹೋಟೆಲೊಂದರ ಕೆಲಸದವಳಿಗೆ. ಈ ಎಳೆಯನ್ನು ಹಿಡಿದು ರಿಯರ್ಡನ್ ಒಬ್ಬೊಬ್ಬ ಸಾಕ್ಷಿಯನ್ನಾಗಿ ಕಾಣುತ್ತಾನೆ. ಒಬ್ಬೊಬ್ಬರ ನೆನಪೂ ಒಂದೊಂದು ಹಿನ್ನೋಟವಾಗಿ ಬಿಚ್ಚಿಕೊಳ್ಳುತ್ತದೆ. ೧೯೪೧ರ ‘ಸಿಟಿಜನ್ ಕೇನ್’ ಚಿತ್ರದಲ್ಲಿ ಸತ್ತವನ ಬಾಳನ್ನು ಇತರರ ಬಾಯಿಂದ ಜೋಡಿಸಿದ ಕ್ರಮವನ್ನು ಇದು ನೆನಪಿಗೆ ತರುತ್ತದೆ. ಕೈ ಮುರಿದು ಮುಷ್ಟಿಯುದ್ಧವನ್ನು ಬಿಡಬೇಕಾದ ಓಲೆ, ಕಿಟ್ಟಿ ಎಂಬ ಚೆಲುವೆಯ ಮೋಹಕ್ಕೆ ಬಿದ್ದು ಅವಳ ಕಳವಿನ ಅಪರಾಧವನ್ನು ತನ್ನ ಮೇಲೆ ಹಾಕಿಕೊಂಡು ಸೆರೆಮನೆಗೆ ಹೋದುದು, ೧೯೪೦ರಲ್ಲಿ ಟೋಪಿ ಕಾರ್ಖಾನೆಯ ಸಂಬಳದ ಹಣದ ದರೋಡೆಯಲ್ಲಿ ಸೇರಿದುದು, ಕಿಟ್ಟಿಯ ಮಾತು ನಂಬಿ ಹಣವನ್ನೆಲ್ಲ ಹೊತ್ತುಕೊಂಡು ಹೋದುದು, ಕೊನೆಗೆ ಆಕೆ ಆ ಹಣದೊಡನೆ ಅವನನ್ನು ಬಿಟ್ಟು ದರೋಡೆಯ ನಾಯಕ ಕೋಲ್ಫ್ಯಾಕ್ಸನ ಬಳಿಗೆ ಹೋದುದು, ಇವೆಲ್ಲವೂ ಹೊರಬೀಳುತ್ತವೆ. ಕಿಟ್ಟಿ ಹೋದ ದಿನ ಓಲೆ ಕಿಟಕಿಯಿಂದ ಹಾರಲು ಹೊರಟಾಗ ತಡೆದವಳೇ ಆ ಹೋಟೆಲಿನ ಕೆಲಸದವಳು. ವಿಮೆಯ ಗುಟ್ಟು ಅದು.

ತನಿಖೆಗಾರನನ್ನು ತಂದುದಕ್ಕೆ ಕಾರಣ ಚಿತ್ರದ ಉದ್ದವೊಂದೇ ಅಲ್ಲ. ೧೯೩೪ರಿಂದ ಹಾಲಿವುಡ್ಡಿನಲ್ಲಿ ಕಟ್ಟುನಿಟ್ಟಾಗಿ ಜಾರಿಯಲ್ಲಿದ್ದ ನಿರ್ಮಾಣ ನಿಯಮಾವಳಿಯ ಪ್ರಕಾರ ಅಪರಾಧಿಗೆ ಶಿಕ್ಷೆಯಾಗದೆ ಚಿತ್ರ ಮುಗಿಯುವಂತಿರಲಿಲ್ಲ. ಕೊಲೆಗಾರರು ಬೀದಿ ದಾಟಿ ಹೊರಟುಹೋಗುವ ಹೆಮಿಂಗ್ವೇಯ ಕಥೆಗೆ ಆ ವ್ಯವಸ್ಥೆಯಲ್ಲಿ ಎಡೆಯಿರಲಿಲ್ಲ. ಆದುದರಿಂದ ಕೊಲೆಗಾರರು ಪೋಲೀಸರ ಗುಂಡಿಗೆ ಬೀಳುತ್ತಾರೆ, ಕೋಲ್ಫ್ಯಾಕ್ಸ್ ಸಾಯುತ್ತಾನೆ, ಸಾಯುತ್ತಿರುವ ಅವನ ಬಾಯಿಂದ ತಾನು ನಿರಪರಾಧಿಯೆಂದು ಹೇಳಿಸಲು ಕಿಟ್ಟಿ ಅಂಗಲಾಚುತ್ತಾಳೆ.

ಚಿತ್ರವು ತನ್ನ ಮಟ್ಟಿಗೆ ಶ್ರೇಷ್ಠವಾದುದು. ಸಿಯೋಡ್ಮಾಕ್ ದರೋಡೆಯ ದೃಶ್ಯವನ್ನು ಎಲ್ಲಿಯೂ ಕತ್ತರಿಸದೆ, ಎತ್ತುಗದ ಮೇಲೆ ಚಲಿಸುವ ಕ್ಯಾಮೆರಾದಿಂದ ಒಂದೇ ಓಟದಲ್ಲಿ ಹಿಡಿದಿರುವುದನ್ನು ಚಲಚ್ಚಿತ್ರದ ವಿದ್ಯಾರ್ಥಿಗಳು ಅವಶ್ಯವಾಗಿ ನೋಡತಕ್ಕದ್ದು. ನಿರ್ದೇಶನ, ಚಿತ್ರಕಥೆ, ಸಂಕಲನ, ಸಂಗೀತ ಎಂಬ ನಾಲ್ಕು ವಿಭಾಗಗಳಲ್ಲಿ ಅದು ಆಸ್ಕರ್ ಪಾರಿತೋಷಕಕ್ಕೆ ಸೂಚಿತವಾಗಿತ್ತು. ೨೦೦೮ರಲ್ಲಿ ಅಮೆರಿಕದ ರಾಷ್ಟ್ರೀಯ ಚಲಚ್ಚಿತ್ರ ದಾಖಲೆಗೂ ಸೇರಿತು. ಆದರೆ ನಮ್ಮ ಅಳತೆಗೋಲಿನಿಂದ ನೋಡಿದರೆ ಏನಾಗಿದೆ? ಕಥೆಯಲ್ಲಿ ಕೇಳುವವನು ನಿಕ್ ಆಗಿದ್ದನು. ಇಲ್ಲಿ ನಿಕ್ ಓಲೆಯೊಡನೆ ಪೆಟ್ರೋಲು ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗ. ತನಿಖೆಗಾರನಿಗೆ ತಾನು ಕಂಡುದನ್ನು ಹೇಳಿ ಮರೆಯಾಗುವ ಮೊದಲ ಸಾಕ್ಷಿಗಳಲ್ಲೊಬ್ಬ. ಕೇಳುವ ಅಧಿಕಾರ ಉದ್ಯೋಗಸ್ಥನಾದ ರಿಯರ್ಡನನಿಗೆ ಹೋಗಿದೆ. ಅವನು ಕೇಳುವುದು ಮೊದಲನೆಯ ಪ್ರಶ್ನೆಯನ್ನು: ಯಾರು, ಏತಕ್ಕಾಗಿ? ಅದಕ್ಕೆ ಪೂರ್ಣವಾದ ಉತ್ತರ ದೊರೆಯುತ್ತದೆ. ಎರಡನೆಯ ಪ್ರಶ್ನೆಯೂ ಅದರೊಡನೆಯೇ ಬಗೆಹರಿಯಿತೆಂದು ಚಿತ್ರ ಭಾವಿಸುತ್ತದೆ: ಹೆಣ್ಣಿನಿಂದ ಮೋಸಹೋದವನು, ಆದುದರಿಂದ ಬದುಕುವ ಆಸೆ ಇಲ್ಲ.

ಆದರೂ ಕೊನೆಯಲ್ಲಿ ಚಿತ್ರವೇ ತನ್ನ ಉತ್ತರವನ್ನು ನೋಡಿ ನಗುವಂತೆ ತೋರುತ್ತದೆ. ಈ ಸಾಹಸದ ಫಲವಾಗಿ ೧೯೪೭ರಲ್ಲಿ ವಿಮಾ ಕಂತಿನ ಮೂಲದರ ಒಂದು ಸೆಂಟಿನ ಹತ್ತನೆಯ ಒಂದು ಪಾಲಿನಷ್ಟು ಇಳಿಯಬಹುದೆಂದು ರಿಯರ್ಡನನ ಮೇಲಧಿಕಾರಿ ಹೇಳುತ್ತಾನೆ. ಒಬ್ಬ ಮನುಷ್ಯನ ಬಾಳೆಲ್ಲವನ್ನೂ ಬಗೆದು ತೆಗೆದುದರ ಬೆಲೆ ಅಷ್ಟೆ! ಚಿತ್ರವನ್ನು ನೋಡಿ ಮುಗಿಸಿದವರ ಮನಸ್ಸಿನಲ್ಲಿ ಕೊನೆಗೂ ನಿಲ್ಲುವುದು ಕತ್ತಲೆಯ ಕೋಣೆಯಲ್ಲಿ ಮಲಗಿದ್ದವನ ನಿಶ್ಚಲತೆಯೇ ಹೊರತು ಅದಕ್ಕೆ ಕೊಟ್ಟ ವಿವರಣೆಯಲ್ಲ.

೪

ಹತ್ತು ವರ್ಷಗಳ ಅನಂತರ ಇದೇ ಕಥೆ ಮಾಸ್ಕೋ ನಗರದಲ್ಲಿ ಚಿತ್ರವಾಯಿತು. ಸೋವಿಯತ್ ದೇಶದಲ್ಲಿ ಆಗ ಹೊರಗಿನ ಸಾಹಿತ್ಯಕ್ಕೆ ಬಾಗಿಲು ಸ್ವಲ್ಪ ತೆರೆಯುತ್ತಿದ್ದ ಕಾಲ. ಹೆಮಿಂಗ್ವೇಯ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ ೧೯೫೫ರಲ್ಲಿ ರಷ್ಯನ್ ಭಾಷೆಯಲ್ಲಿ ಪ್ರಕಟವಾಗಿತ್ತು. ಮಾಸ್ಕೋದ ರಾಜ್ಯ ಚಲಚ್ಚಿತ್ರ ವಿದ್ಯಾಲಯದಲ್ಲಿ ಮಿಖಾಯಿಲ್ ರೋಮ್ ಎಂಬ ಹೆಸರಾಂತ ನಿರ್ದೇಶಕನ ಶಿಷ್ಯರಾಗಿದ್ದ ಆಂದ್ರೇಯ್ ತಾರ್ಕೋವ್ಸ್ಕಿ, ಅಲೆಕ್ಸಾಂಡರ್ ಗೋರ್ಡನ್, ಮರಿಕಾ ಬೇಕು ಎಂಬ ಮೂವರು ತಮ್ಮ ಅಭ್ಯಾಸಚಿತ್ರಕ್ಕೆ ಈ ಕಥೆಯನ್ನು ಆರಿಸಿಕೊಂಡರು. ಮುಂದೆ ಜಗತ್ಪ್ರಸಿದ್ಧನಾದ ತಾರ್ಕೋವ್ಸ್ಕಿಗೆ ಆಗ ಇಪ್ಪತ್ತನಾಲ್ಕು ವರ್ಷ. ನಟರು ಬಹುಮಟ್ಟಿಗೆ ಸಹಪಾಠಿಗಳೇ. ಓಲೆಯ ಪಾತ್ರವನ್ನು ವಹಿಸಿದ ವಸೀಲಿ ಶುಕ್ಷಿನ್ ಮುಂದೆ ಕಥೆಗಾರನಾಗಿಯೂ ನಿರ್ದೇಶಕನಾಗಿಯೂ ಹೆಸರು ಪಡೆದನು.

ಈ ಚಿತ್ರದ ಅವಧಿ ಸುಮಾರು ಹತ್ತೊಂಬತ್ತು ನಿಮಿಷ. ಈ ಅಂಕಿಯೇ ಒಂದು ವಿಮರ್ಶೆ ಎನ್ನಬಹುದು. ಹೆಮಿಂಗ್ವೇಯ ೨೯೫೧ ಮಾತುಗಳನ್ನು ಕೂಡಿಸದೆ ಕಳೆಯದೆ ತೆರೆಗೆ ತಂದರೆ ಸುಮಾರು ಇಪ್ಪತ್ತು ನಿಮಿಷಗಳ ವಸ್ತುವಾಗುತ್ತದೆ. ಉಳಿದುದೆಲ್ಲವೂ ಕಲ್ಪನೆಯ ಸೇರ್ಪಡೆ ಎಂಬುದು ಇದರಿಂದ ಸಿದ್ಧವಾಗುತ್ತದೆ. ಚಿತ್ರದಲ್ಲಿ ಮೂರು ದೃಶ್ಯಗಳು: ಉಪಾಹಾರಗೃಹ, ಓಲೆಯ ಕೋಣೆ, ಮತ್ತೆ ಉಪಾಹಾರಗೃಹ. ಮೊದಲನೆಯದನ್ನೂ ಮೂರನೆಯದನ್ನೂ ತಾರ್ಕೋವ್ಸ್ಕಿ ನಿರ್ದೇಶಿಸಿದನು. ಕೋಣೆಯ ದೃಶ್ಯ ಗೋರ್ಡನನದು. ಕೊಲೆಯನ್ನು ತೋರಿಸುವುದಿಲ್ಲ, ಹಿಂದಿನ ಬಾಳನ್ನು ಹೇಳುವುದಿಲ್ಲ, ಹೆಣ್ಣಿನ ಮೋಸದ ಸುಳಿವಿಲ್ಲ. ಯಾವ ನಿಯಮಾವಳಿಯ ಒತ್ತಾಯವೂ, ಟಿಕೆಟ್ಟಿನ ಲೆಕ್ಕವೂ ಇಲ್ಲದ ಅಭ್ಯಾಸಚಿತ್ರವಾದುದರಿಂದ ಈ ಸ್ವಾತಂತ್ರ್ಯ ಸಾಧ್ಯವಾಯಿತೆಂಬುದನ್ನೂ ನೆನೆಯಬೇಕು.

ಹಾಗಾದರೆ ಚಲಚ್ಚಿತ್ರವು ತನ್ನದೆಂದು ಸೇರಿಸಿದುದೇನು? ಕಾಲ. ಕಥೆಯಲ್ಲಿ ಓಲೆಗಾಗಿ ಕಾಯುವ ಒಂದು ಗಂಟೆಗೂ ಮೀರಿದ ಅವಧಿ ಕೆಲವೇ ಸಾಲುಗಳಲ್ಲಿ ಮುಗಿಯುತ್ತದೆ. ಓದುವವನ ಕಣ್ಣು ಅಲ್ಲಿ ಬೇಗ ಸರಿಯುತ್ತದೆ. ಚಿತ್ರದಲ್ಲಿ ಆ ಕಾಯುವಿಕೆಯನ್ನು ನಾವೂ ಕಾಯಬೇಕು. ಬಾಗಿಲು ತೆರೆದಾಗಲೆಲ್ಲ ಬಂದವನು ಓಲೆಯೇ ಎಂಬ ಅಂಜಿಕೆ. ಬಂದವನು ಬೇರೊಬ್ಬ ಗಿರಾಕಿ. ಇವರಲ್ಲೊಬ್ಬನಾಗಿ ಸ್ವತಃ ತಾರ್ಕೋವ್ಸ್ಕಿಯೇ ಬಂದು, ‘ಲಲಬೈ ಆಫ್ ಬರ್ಡ್‌ಲ್ಯಾಂಡ್’ ಎಂಬ ಜಾಝ್ ಗೀತೆಯನ್ನು ಶಿಳ್ಳೆಯಲ್ಲಿ ನುಡಿಸುತ್ತಾನೆ. ಆ ಗೀತೆ ೧೯೫೨ರದು. ೧೯೨೭ರ ಕಥೆಗೆ ಹೊಂದದು. ಆದರೆ ಏನೂ ಅರಿಯದವನೊಬ್ಬನ ಆ ನಿರಾತಂಕವಾದ ಶಿಳ್ಳೆಯಿಂದ ಅಡಿಗೆಮನೆಯಲ್ಲಿ ಬಂದೂಕು ಹಿಡಿದು ಕುಳಿತವನ ಇರವು ಇಮ್ಮಡಿಯಾಗಿ ನಮಗೆ ತಟ್ಟುತ್ತದೆ. ಮಾತಿನಲ್ಲಿ ಹೇಳಲಾಗದ್ದನ್ನು ಧ್ವನಿಸುವುದೆಂದರೆ ಇದೇ ಅಲ್ಲವೆ?

ಇಲ್ಲಿ ಪ್ರಶ್ನೆ ಕೇಳುವವನು ಮೂಲದಲ್ಲಿರುವಂತೆ ನಿಕ್ಕನೇ. ಅವನೊಡನೆ ಪ್ರೇಕ್ಷಕರೂ ಕೇಳುತ್ತಾರೆ. ಉತ್ತರ ಇಬ್ಬರಿಗೂ ದೊರೆಯುವುದಿಲ್ಲ. ಮೂಲದ ಮೌನವನ್ನು ಈ ಚಿತ್ರ ಕಾಪಾಡಿದೆ. ಆದರೆ ಅದರ ಮಿತಿಯನ್ನೂ ಹೇಳಬೇಕು. ವಿದ್ಯಾರ್ಥಿಗಳ ಕೆಲಸವಾದುದರಿಂದ ಅಮೆರಿಕದ ಊರಿನ ಚಹರೆಯಲ್ಲಿ ಕೃತಕತೆ ಇದೆ. ಕಥೆಯನ್ನು ಓದದವನಿಗೆ ಇದು ಒಂದು ದೊಡ್ಡ ಚಿತ್ರದ ಆರಂಭದ ತುಣುಕಿನಂತೆ ಕಂಡರೂ ಕಾಣಬಹುದು. ನಿಷ್ಠೆಯ ಅಪಾಯ ಇದು: ಮೂಲವನ್ನು ಬಲ್ಲವನಿಗೆ ಅದು ತುಂಬಿದ ಕೊಡ, ಅರಿಯದವನಿಗೆ ಅರೆಗೊಡ.

೫

ಮೂರನೆಯ ಚಿತ್ರದಲ್ಲಿ ನಿಷ್ಠೆಯ ಮಾತನ್ನು ಎತ್ತುವಂತೆಯೇ ಇಲ್ಲ. ಡಾನ್ ಸೀಗೆಲನ ಈ ವರ್ಣಚಿತ್ರ ಮೊದಲು ದೂರದರ್ಶನಕ್ಕೆಂದು ತಯಾರಾಯಿತು. ಹಿಂಸೆ ಮಿತಿಮೀರಿದೆಯೆಂದು ಎನ್.ಬಿ.ಸಿ. ಸಂಸ್ಥೆ ಅದನ್ನು ಪ್ರಸಾರ ಮಾಡಲೊಪ್ಪದಿರಲಾಗಿ ೧೯೬೪ರಲ್ಲಿ ಚಿತ್ರಮಂದಿರಗಳಲ್ಲಿ ಬಿಡುಗಡೆಯಾಯಿತು. ಮುಂದೆ ಅಮೆರಿಕದ ಅಧ್ಯಕ್ಷನಾದ ರೊನಾಲ್ಡ್ ರೇಗನ್ ಇದರಲ್ಲಿ ದರೋಡೆಯ ನಾಯಕ ಬ್ರೌನಿಂಗನ ಪಾತ್ರ ವಹಿಸಿದ್ದಾನೆ; ಚಲಚ್ಚಿತ್ರದಲ್ಲಿ ಅವನ ಕೊನೆಯ ಪಾತ್ರ ಇದು.

ಹೆಮಿಂಗ್ವೇಯ ಊರಿಲ್ಲ, ಉಪಾಹಾರಗೃಹವಿಲ್ಲ, ಓಲೆಯ ಹೆಸರಿಲ್ಲ, ಸಂಭಾಷಣೆಯಿಲ್ಲ. ಕತ್ತಲೆಯೂ ಇಲ್ಲ, ಎಲ್ಲವೂ ಹಗಲಿನ ಬೆಳಕಿನಲ್ಲಿ ನಡೆಯುತ್ತದೆ. ಚಾರ್ಲಿ ಮತ್ತು ಲೀ ಎಂಬ ಇಬ್ಬರು ಕಪ್ಪು ಕನ್ನಡಕ ಧರಿಸಿ ಕುರುಡರ ಶಾಲೆಯೊಂದಕ್ಕೆ ನುಗ್ಗುತ್ತಾರೆ. ಅಲ್ಲಿ ಪಾಠ ಹೇಳುತ್ತಿರುವ ಜಾನಿ ನಾರ್ತ್ ಹಿಂದೆ ಮೋಟಾರು ಪಂದ್ಯದ ಚಾಲಕನಾಗಿದ್ದವನು. ಅವರು ಬರುತ್ತಿದ್ದಾರೆಂದು ಅವನಿಗೆ ಮುಂಚಿತವಾಗಿಯೇ ಸುದ್ದಿ ಮುಟ್ಟಿದೆ. ಆದರೂ ಓಡದೆ ನಿಂತು ಗುಂಡಿಗೆ ಬಲಿಯಾಗುತ್ತಾನೆ.

ಕೆಲಸ ಮುಗಿಸಿ ಹಿಂದಿರುಗುವಾಗ ಚಾರ್ಲಿಯ ಮನಸ್ಸಿನಲ್ಲಿ ಮುಳ್ಳೊಂದು ಉಳಿಯುತ್ತದೆ: ಅವನು ಏಕೆ ಓಡಲಿಲ್ಲ? ಇಷ್ಟು ಜನರನ್ನು ಕೊಂದ ಅನುಭವದಲ್ಲಿ ಅವನು ಹೀಗೆ ನಿಂತವನನ್ನು ಕಂಡವನಲ್ಲ. ಅದರೊಡನೆ ಹಣದ ಲೆಕ್ಕವೂ ಸೇರುತ್ತದೆ. ಜಾನಿ ಹಿಂದೊಮ್ಮೆ ಹತ್ತು ಲಕ್ಷ ಡಾಲರನ್ನು ಕದ್ದವನೆಂದು ಪ್ರತೀತಿ. ಕೊಲ್ಲಿಸಿದವರು ಆ ಹಣವನ್ನು ಏಕೆ ಕೇಳಿಸಲಿಲ್ಲ? ಇಬ್ಬರೂ ತನಿಖೆಗೆ ಹೊರಡುತ್ತಾರೆ. ಕೊಲೆಗಾರರೇ ತನಿಖೆಗಾರರಾಗುತ್ತಾರೆ, ಹಳೆಯ ಗೆಳೆಯರನ್ನು ಹಿಡಿದು, ಬೆದರಿಸಿ, ಹೊಡೆದು ಸತ್ತವನ ಬಾಳನ್ನು ಜೋಡಿಸುತ್ತಾರೆ. ಷೀಲಾ ಎಂಬ ಹೆಣ್ಣಿನ ಮೋಸ ಇಲ್ಲಿಯೂ ಇದೆ. ಮೂಲಸಂಕಲನದ ಹೆಸರು ‘ಹೆಂಗಸರಿಲ್ಲದ ಗಂಡಸರು’ ಎಂಬರ್ಥದ್ದಾಗಿದ್ದರೂ ಅಮೆರಿಕದ ಎರಡು ಚಿತ್ರಗಳೂ ಅಪರಾಧದ ಬೇರನ್ನು ಹೆಂಗಸಿನಲ್ಲಿ ಹುಡುಕಿರುವುದು ಸೋಜಿಗವೇ ಸರಿ. ಕಥೆಯಲ್ಲಿ ಕಾಣಿಸಿಕೊಳ್ಳುವ ಒಬ್ಬಳೇ ಹೆಂಗಸು ಶ್ರೀಮತಿ ಬೆಲ್; ಆಕೆಗೆ ಓಲೆಯ ಮೇಲಿರುವುದು ಮರುಕ ಮಾತ್ರ.

ಕೊನೆಯಲ್ಲಿ ಚಾರ್ಲಿಗೆ ಉತ್ತರ ದೊರೆಯುತ್ತದೆ. ಸಾಯಲು ಅಂಜದವನು ಆಗಲೇ ಸತ್ತವನು; ಜಾನಿಯನ್ನು ಷೀಲಾ ವರ್ಷಗಳ ಹಿಂದೆಯೇ ಕೊಂದಿದ್ದಳು ಎಂಬ ಅರ್ಥದ ನಿರ್ಣಯಕ್ಕೆ ಅವನು ಬರುತ್ತಾನೆ. ಅಷ್ಟು ಹೊತ್ತಿಗೆ ಲೀ ಸತ್ತಿದ್ದಾನೆ. ಚಾರ್ಲಿಗೂ ಗುಂಡು ತಗುಲಿ ಸಾವು ಸಮೀಪಿಸಿದೆ. ಬ್ರೌನಿಂಗನನ್ನೂ ಷೀಲಾಳನ್ನೂ ಕೊಂದು, ಹಣದ ಪೆಟ್ಟಿಗೆಯೊಡನೆ ಹೊರಗೆ ಬಂದು ಹುಲ್ಲಿನ ಮೇಲೆ ಬೀಳುತ್ತಾನೆ. ಬರುತ್ತಿರುವ ಪೋಲೀಸರ ಕಡೆಗೆ ಬಂದೂಕಿಲ್ಲದ ಬರಿಯ ಬೆರಳನ್ನು ಗುರಿಯಿಟ್ಟು ಪ್ರಾಣ ಬಿಡುತ್ತಾನೆ.

ಅಕ್ಷರಕ್ಕೆ ಅತ್ಯಂತ ದೂರವಾದ ಈ ಚಿತ್ರವು ಎರಡನೆಯ ಪ್ರಶ್ನೆಗೆ ಅತ್ಯಂತ ಸಮೀಪದಲ್ಲಿದೆ ಎಂಬುದು ಗಮನಿಸತಕ್ಕ ಅಂಶ. ಸಿಯೋಡ್ಮಾಕನ ಚಿತ್ರದಲ್ಲಿ ಆ ಪ್ರಶ್ನೆ ವಿಮಾ ಕಡತದ ಒಂದು ಭಾಗ; ಇಲ್ಲಿ ಅದೇ ಕಥೆಯ ಎಂಜಿನು. ಹೆಮಿಂಗ್ವೇಯ ಆಲ್ ಮತ್ತು ಮ್ಯಾಕ್ಸರಿಗೆ ಕೊಲ್ಲಬೇಕಾದವನ ವಿಷಯದಲ್ಲಿ ಯಾವ ಕುತೂಹಲವೂ ಇರಲಿಲ್ಲ. ಆ ನಿರ್ಲಕ್ಷ್ಯವೇ ಅಲ್ಲಿ ಭಯಂಕರ. ಸೀಗೆಲ್ ಆ ನಿರ್ಲಕ್ಷ್ಯದಲ್ಲಿ ಒಂದು ಬಿರುಕನ್ನು ಕಲ್ಪಿಸಿದನು. ಬಿರುಕು ಬಿಟ್ಟವನು ತನ್ನ ಕಸುಬಿಗೆ ಸಲ್ಲದವನಾದನು, ಸತ್ತನು. ಇಷ್ಟಾದರೂ ಒಂದು ನಷ್ಟವನ್ನು ಒಪ್ಪಬೇಕು. ಈ ಚಿತ್ರದಲ್ಲಿ ನಿಕ್ ಇಲ್ಲ. ಕೇಡನ್ನು ಕಂಡು ಬೆಚ್ಚುವ ನಿಷ್ಕಪಟ ಹೃದಯವೊಂದೂ ಇದರೊಳಗಿಲ್ಲ. ಕುರುಡರ ಶಾಲೆಯ ಅಸಹಾಯಕರನ್ನು ಕಂಡು ಬೆಚ್ಚುವ ಕೆಲಸ ಪ್ರೇಕ್ಷಕನಿಗೇ ಉಳಿದಿದೆ.

೬

ಈವರೆಗಿನ ವಿವೇಚನೆಯ ಫಲವನ್ನು ಹೀಗೆ ಸಂಗ್ರಹಿಸಬಹುದು. ಕಥೆಯಲ್ಲಿ ಕೇಳಿದವನು ತರುಣ. ಅವನಿಗೆ ಉತ್ತರ ಸಿಗದೆ ಊರು ಬಿಡುವ ನಿಶ್ಚಯ ಮಾಡಿದನು. ೧೯೪೬ರ ಚಿತ್ರದಲ್ಲಿ ಕೇಳಿದವನು ಉದ್ಯೋಗಸ್ಥ; ಅವನಿಗೆ ಉತ್ತರ ಸಿಕ್ಕಿತು, ವಿಮೆಯ ದರ ಇಳಿಯಿತು. ೧೯೫೬ರ ಚಿತ್ರದಲ್ಲಿ ಕೇಳುವ ಭಾರ ನಿಕ್ಕನೊಡನೆ ನಮ್ಮ ಮೇಲೆಯೂ ಬಿದ್ದಿತು. ೧೯೬೪ರ ಚಿತ್ರದಲ್ಲಿ ಕೇಳಿದವನು ಕೊಲೆಗಾರನೇ. ಉತ್ತರವೂ ಸಾವೂ ಅವನಿಗೆ ಒಟ್ಟಿಗೆ ಬಂದವು. ವಸ್ತು ಒಂದೇ ಆದರೂ ಕೇಳುವವನು ಬದಲಾದೊಡನೆ ಕೃತಿಯೇ ಬದಲಾಗುತ್ತದೆ.

ಪ್ರಸಿದ್ಧ ಕಥೆಯನ್ನು ಎತ್ತಿಕೊಂಡ ಕವಿ ಅದರ ಇತಿವೃತ್ತವನ್ನು ಒಪ್ಪಿಸಿದರೆ ಸಾಲದು. ರಸಕ್ಕೆ ಹೊಂದದುದನ್ನು ಬಿಟ್ಟು, ಬೇಕಾದುದನ್ನು ಕಲ್ಪಿಸಿಕೊಳ್ಳುವ ಅಧಿಕಾರ ಅವನಿಗುಂಟು ಎಂದು ಒಂಬತ್ತನೆಯ ಶತಮಾನದ ‘ಧ್ವನ್ಯಾಲೋಕ’ದಲ್ಲಿ ಆನಂದವರ್ಧನನು ಹೇಳಿದ್ದಾನೆ. ಈ ಅಧಿಕಾರವನ್ನು ಚಲಚ್ಚಿತ್ರದ ನಿರ್ದೇಶಕನಿಗೂ ಕೊಡಲೇಬೇಕು. ಆದರೆ ಅಧಿಕಾರದೊಡನೆ ಹೊಣೆಯೂ ಬರುತ್ತದೆ. ವ್ಯಂಗ್ಯವಾಗಿದ್ದುದನ್ನು ವಾಚ್ಯವಾಗಿಸುವವನು, ಹಾಗೆ ಮಾಡಿದುದರಿಂದ ಹೊಸ ವ್ಯಂಗ್ಯವೊಂದು ಹುಟ್ಟಿತೆ ಎಂದು ತನ್ನನ್ನು ಕೇಳಿಕೊಳ್ಳಬೇಕು. ವಿಮಾ ದರದ ಆ ಒಂದು ಮಾತಿನಲ್ಲಿ ಸಿಯೋಡ್ಮಾಕನಿಗೆ ಅದು ಸಿದ್ಧಿಸಿದೆ. ಗಾಳಿಯಲ್ಲಿ ಗುರಿಯಿಟ್ಟ ಬೆರಳಿನಲ್ಲಿ ಸೀಗೆಲನಿಗೂ ಸಿದ್ಧಿಸಿದೆ. ಮಾಸ್ಕೋದ ವಿದ್ಯಾರ್ಥಿಗಳಿಗೆ ಅದು ಸಿದ್ಧಿಸಿದುದು ಕಥೆಗೆ ಏನನ್ನೂ ತುಂಬದೆ ಕಾಯುವ ಹೊತ್ತನ್ನು ಹಿಗ್ಗಿಸಿದುದರಿಂದ.

ತರಗತಿಯಲ್ಲಿ ಈ ಕೃತಿಯನ್ನು ಬೋಧಿಸುವಾಗ ಅನುಸರಿಸಬಹುದಾದ ಕ್ರಮವೂ ಇದರಿಂದಲೇ ದೊರೆಯುತ್ತದೆ. ಮೊದಲು ಕಥೆಯನ್ನೇ ಓದಿಸತಕ್ಕದ್ದು. ಓಲೆ ಏಕೆ ಓಡಲಿಲ್ಲವೆಂದು ವಿದ್ಯಾರ್ಥಿಗಳನ್ನು ಕೇಳಿ, ಅವರ ಉತ್ತರಗಳನ್ನು ಬರೆಸಿ ಇಡತಕ್ಕದ್ದು. ಚಿತ್ರಗಳನ್ನು ಅನಂತರ ತೋರಿಸಿದರೆ, ತಮ್ಮ ಉತ್ತರಗಳ ಪಕ್ಕದಲ್ಲಿ ಅವುಗಳ ಉತ್ತರಗಳನ್ನೂ ಇಟ್ಟು ಅವರು ತೂಗಿನೋಡುತ್ತಾರೆ. ಆಗ ಚಿತ್ರವು ಕಥೆಗೆ ಬದಲಿಯಾಗದೆ ಅದರ ಒಂದು ವ್ಯಾಖ್ಯಾನವಾಗುತ್ತದೆ. ಟೀಕೆಯನ್ನು ಮೂಲವೆಂದು ಭ್ರಮಿಸದಂತೆ ನೋಡಿಕೊಳ್ಳುವುದು ಅಧ್ಯಾಪಕನ ಹಳೆಯ ಕರ್ತವ್ಯ. ಟೀಕೆಯು ತಾಳೆಯ ಗರಿಯಿಂದ ಬೆಳ್ಳಿತೆರೆಗೆ ಬಂದರೂ ಆ ಕರ್ತವ್ಯ ಬದಲಾಗಿಲ್ಲ. ಯೋಚಿಸದಿರುವುದು ಒಳ್ಳೆಯದೆಂದ ಜಾರ್ಜನ ಸಲಹೆಯನ್ನು ನಮ್ಮ ವಿದ್ಯಾರ್ಥಿಗಳು ಒಪ್ಪದೆ, ನಿಕ್ಕನ ಕಳವಳವನ್ನು ಕೆಲಕಾಲವಾದರೂ ತಮ್ಮದಾಗಿ ಉಳಿಸಿಕೊಂಡರೆ ಪಾಠ ಸಾರ್ಥಕವಾಯಿತೆಂದು ತಿಳಿಯಬಹುದು.